ಹೊಯ್ಗೆಯ ಅಕ್ಷರ, ಗಾಜಿನ ಹಲಗೆ

ಕಳೆದ ಮಳೆಗಾಲದಲ್ಲಿ ಬೈಂದೂರು ತಾಲೂಕಿನ ಒಳನಾಡಿನ ಒಂದು ಪ್ರಾಥಮಿಕ ಶಾಲೆಗೆ ಹೋಗುವ ಸಂದರ್ಭ ಒದಗಿತ್ತು. ಹಳೆ ವಿದ್ಯಾರ್ಥಿಗಳು ಬೆಂಗಳೂರಿನಿಂದ ಸ್ಮಾರ್ಟ್ ಬೋರ್ಡೊಂದನ್ನು ತರಿಸಿ ತಾವು ಕಲಿತ ಶಾಲೆಗೆ ಅರ್ಪಿಸಿದ್ದರು. ಹಾರ, ಭಾಷಣ, ಅವಲಕ್ಕಿ ಎಲ್ಲವೂ ಮುಗಿದು ಅತಿಥಿಗಳು ಚದುರಿದ ಮೇಲೆ, ವಿಜಯಪುರದ ಕಡೆಯಿಂದ ಹೊಸದಾಗಿ ಬಂದಿದ್ದ ಉಪಾಧ್ಯಾಯಿನಿಯೊಬ್ಬರು ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು: "ಸರ್, ಕೋಣೆ ಒಂದು, ತರಗತಿ ಮೂರು, ಬೋರ್ಡು ಒಂದು. ನಾನು ಯಾರ ಪಾಠ ಹಚ್ಚಲಿ?"

ಅವರು ನೇಮಕಗೊಂಡಿದ್ದು ಆರರಿಂದ ಎಂಟನೆಯ ತರಗತಿಗಳಿಗೆ. 2022ರಲ್ಲಿ ಸರಕಾರವು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಸಿತಷ್ಟೆ. ಅದರಲ್ಲಿ ಆಯ್ಕೆಯಾಗಿ, ನ್ಯಾಯಾಲಯದ ವ್ಯಾಜ್ಯಗಳು ಮುಗಿಯುವವರೆಗೆ ಕಾದು, ಕಡೆಗೆ ಈ ಕರಾವಳಿಯ ಮೂಲೆಗೆ ಬಂದು ಸೇರಿದವರು ಅವರು. ಶಾಲೆಯಲ್ಲಿ ಕೈ ಸಾಲದ ಕಾರಣ ಒಂದರಿಂದ ಮೂರರವರೆಗಿನ ಮಕ್ಕಳೂ ಅವರ ಪಾಲಿಗೇ ಬಂದಿದ್ದರು. ಅವರ ಪ್ರಶ್ನೆಗೆ ಆಗ ನಾನು ಕೊಟ್ಟ ಉತ್ತರ ತೀರ ಅಸ್ಪಷ್ಟವಾಗಿತ್ತು. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ವಲಯಗಳ ಶಾಲೆಗಳಿಗೆ ಹೊಸ ಉಪಕರಣಗಳೂ ಹೊಸ ಉಪಾಧ್ಯಾಯರೂ ಜೊತೆ ಜೊತೆಯಾಗಿ ಬರುತ್ತಿರುವ ಈ ಹೊತ್ತಿನಲ್ಲಿ, ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯವೆಂದು ತೋರಿತು.

ಮೊದಲು ಒಂದು ಹಳೆಯ ಸಂಗತಿ. ನಮ್ಮ ಅಜ್ಜಂದಿರು ಐಗಳ ಮಠಗಳಲ್ಲಿ ಅಕ್ಷರ ಕಲಿತದ್ದು ಹೊಯ್ಗೆಯ ಮೇಲೆ. ನೆಲದ ಮೇಲೆ ನುಣುಪಾದ ಹೊಯ್ಗೆ ಹರಡಿ, ಬೆರಳಿನಿಂದ ತಿದ್ದಿ, ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯುವ ಕ್ರಮ ಅದು. ದೊಡ್ಡ ಹುಡುಗರು ಚಿಕ್ಕವರ ಕೈ ಹಿಡಿದು ತಿದ್ದಿಸುತ್ತಿದ್ದರು; ಐಗಳು ಒಬ್ಬರೇ ಆದರೂ ಕಲಿಸುವವರು ಹಲವರು. ಇದು ನಮ್ಮ ಕರಾವಳಿಗೆ ಮಾತ್ರ ಸೀಮಿತವಾಗಿದ್ದ ಪದ್ಧತಿಯೇನೂ ಅಲ್ಲ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, 'ಮಲಬಾರ್' ಶಾಲೆಯೊಂದರ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ಬೆರಗಾದನು. (ಆಗಿನ ಇಂಗ್ಲಿಷರ ಬಾಯಲ್ಲಿ ಮಲಬಾರ್ ಎಂದರೆ ತಮಿಳರೂ ಆಗಬಹುದು, ಆದುದರಿಂದ ಆ ಕೀರ್ತಿಯನ್ನು ನಮ್ಮ ಊರಿಗೇ ಎಳೆದುಕೊಳ್ಳುವ ಆತುರ ನನಗಿಲ್ಲ.) ತನ್ನ ಶಾಲೆಯ ಸಹಾಯಕ ಉಪಾಧ್ಯಾಯರು ಈ ಹೊಸತಿಗೆ ಒಗ್ಗದಿರಲು, ಅವನು ಎಂಟು ವರುಷದ ಹುಡುಗನೊಬ್ಬನನ್ನೇ ಚಿಕ್ಕವರಿಗೆ ಗುರುವಾಗಿ ನೇಮಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅವನು ಅಚ್ಚು ಹಾಕಿಸಿದ ವರದಿಯಿಂದ 'ಮದರಾಸು ಪದ್ಧತಿ' ಎಂಬ ಹೆಸರು ಹುಟ್ಟಿ, ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲೆಲ್ಲ ಹರಡಿತು. ಅಲ್ಲಿ ಅದು ಸೈನ್ಯದ ಕವಾಯತಿನಂತೆ ಬಿರುಸಾಗಿಹೋಯಿತೆಂಬುದು ಬೇರೆ ಮಾತು. ಆದರೆ ಬೆಲ್ ಕಂಡುಕೊಂಡ ಮೂಲ ಸತ್ಯ ಒಂದಿತ್ತು: ಉಪಾಧ್ಯಾಯನೊಬ್ಬನೇ ಇರುವಲ್ಲಿ, ಹಲವು ವಯಸ್ಸಿನ ಮಕ್ಕಳು ಒಂದೆಡೆ ಕೂಡಿರುವುದೇ ಅವನ ಬಂಡವಾಳ.

ನಮ್ಮ ಒಳನಾಡಿನ ಶಾಲೆಗಳಲ್ಲಿ ಇರುವುದೂ ಅದೇ ಪರಿಸ್ಥಿತಿ. ಘಟ್ಟದ ಬುಡದ ಊರುಗಳಲ್ಲಿ ಮನೆಗಳು ಒಂದಕ್ಕೊಂದು ದೂರ. ನಡುವೆ ಹಾಡಿ, ಬೈಲು, ತೋಡು, ಅಡಿಕೆಮರದ ಕಾಲುಸಂಕ. ಇಂತಹ ಕಡೆ ಶಾಲೆಗಳು ಚಿಕ್ಕವಾಗಿಯೇ ಇರುತ್ತವೆ, ಇರಬೇಕು ಕೂಡ. ಆಷಾಢದ ಮಳೆಯಲ್ಲಿ ಆರು ವರುಷದ ಮಗು ಎಷ್ಟು ದೂರ ನಡೆದೀತು? ಶಿಕ್ಷಣ ಹಕ್ಕಿನ ಕಾಯಿದೆಯು 2009ರಲ್ಲಿ ಹೇಳಿದ ಮೂವತ್ತು ಮಕ್ಕಳಿಗೊಬ್ಬ ಉಪಾಧ್ಯಾಯ ಎಂಬ ಲೆಕ್ಕ ಕಾಗದದ ಮೇಲೆ ಸರಿಹೋದಾಗಲೂ, ಆ ಒಬ್ಬನ ಮುಂದೆ ಮೂರೋ ನಾಲ್ಕೋ ತರಗತಿಗಳು ಕುಳಿತಿರುತ್ತವೆ.

ಈ ಸ್ಥಿತಿಗೆ ನಾಡಿನಲ್ಲಿ ಸಿಕ್ಕಿದ ಉತ್ತಮ ಉತ್ತರವೆಂದರೆ ನಲಿ-ಕಲಿ. ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದ ಉಪಾಧ್ಯಾಯರು, ಯುನಿಸೆಫಿನ ನೆರವಿನಿಂದ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಇದನ್ನು ಆರಂಭಿಸಿದರು. ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಅವನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಮಗು ತನ್ನ ವೇಗದಲ್ಲಿ ಏರುವಂತೆ ಮಾಡುವುದು ಇದರ ಕ್ರಮ. ಒಂದು ತಂಡಕ್ಕೆ ಉಪಾಧ್ಯಾಯರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೊಂದಕ್ಕೆ ಗೆಳೆಯರ ನೆರವು, ಕೊನೆಯದಕ್ಕೆ ಸ್ವಂತ ಕಲಿಕೆ. ವಾರಗಟ್ಟಲೆ ಜ್ವರದಲ್ಲಿ ಮಲಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರಲ್ಲಿ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು. ಉಪಾಧ್ಯಾಯರೇ ಚರ್ಚಿಸಿ ರೂಪಿಸಿದ್ದ ಒಂದು ಪ್ರಯೋಗ ಮೇಲಿನಿಂದ ಬಂದ ಆಜ್ಞೆಯಾದಾಗ ಏನಾಗಬೇಕೋ ಅದು ಹಲವೆಡೆ ಆಯಿತು: ಕಾರ್ಡು ಹರಿದರೆ ಹೊಸದು ಬರಲಿಲ್ಲ, ಏಣಿ ಗೋಡೆಯ ಅಲಂಕಾರವಾಯಿತು. ಆದರೂ ಅದರ ತಿರುಳಿನಲ್ಲಿ ದೋಷವಿಲ್ಲವೆಂದೇ ನನ್ನ ನಂಬಿಕೆ. ಅದು ಹೊಯ್ಗೆಯ ಶಾಲೆಯ ವಿವೇಕವೇ, ಕ್ರಮಬದ್ಧವಾಗಿ ಹಿಂತಿರುಗಿ ಬಂದದ್ದು.

ಈಗ ಸ್ಮಾರ್ಟ್ ಬೋರ್ಡಿನ ಸ್ವಭಾವವನ್ನು ನೋಡಿ. ಗೋಡೆಯ ನಡುವೆ ಅದನ್ನು ನಿಲ್ಲಿಸಿದೊಡನೆ ಕೋಣೆಗೆ ಒಂದು 'ಮುಂಭಾಗ' ಹುಟ್ಟುತ್ತದೆ. ಎಲ್ಲರೂ ಅತ್ತ ತಿರುಗಬೇಕು. ಎಲ್ಲರೂ ಒಂದೇ ಕ್ಷಣದಲ್ಲಿ ಒಂದನ್ನೇ ನೋಡಬೇಕು. ಧ್ವನಿಯಂತೂ ಮೂಲೆ ಮೂಲೆಗೂ ಮುಟ್ಟುತ್ತದೆ. ವೃತ್ತವಾಗಿ ಕುಳಿತ ನಾಲ್ಕು ತಂಡಗಳು ಕರಗಿ ಒಂದು ಸಭೆಯಾಗುತ್ತದೆ. ಪಟ್ಟಣದ ಶಾಲೆಯಲ್ಲಿ, ಒಂದು ತರಗತಿಗೆ ಒಂದು ಕೋಣೆಯಿರುವಲ್ಲಿ, ಇದರಿಂದ ಅನುಕೂಲವೇ ಹೆಚ್ಚು. ಹೃದಯ ಬಡಿಯುವ ಬಗೆಯನ್ನೋ ಗ್ರಹಣ ಹಿಡಿಯುವ ಬಗೆಯನ್ನೋ ನನ್ನ ಸುಣ್ಣದಕಡ್ಡಿ ತೋರಿಸಲಾರದಷ್ಟು ಚೆನ್ನಾಗಿ ಅದು ತೋರಿಸುತ್ತದೆಂಬುದನ್ನು ಸಂತೋಷದಿಂದಲೇ ಒಪ್ಪುತ್ತೇನೆ. ಆದರೆ ಬಹುತರಗತಿಯ ಕೋಣೆಯಲ್ಲಿ, ಬೋರ್ಡು ಒಂದು ಬಗೆಯ ಶಾಲೆಯನ್ನು ಕಲ್ಪಿಸಿಕೊಂಡು ಬಂದಿದೆ, ನಲಿ-ಕಲಿ ಅದಕ್ಕೆ ತೀರ ಬೇರೆಯಾದ ಇನ್ನೊಂದನ್ನು. ಎರಡನ್ನೂ ಕೊಟ್ಟ ಹಿರಿಯರು ಇವೆರಡರ ಜಗಳವನ್ನು ಬಿಡಿಸುವ ಹೊಣೆಯನ್ನು ಮಾತ್ರ ಹೊಸ ಉಪಾಧ್ಯಾಯಿನಿಯ ತಲೆಗೆ ಕಟ್ಟಿದ್ದಾರೆ. ಅವರ ಪ್ರಶ್ನೆ ಅಜ್ಞಾನದಿಂದ ಹುಟ್ಟಿದ್ದಲ್ಲ; ಯೋಜನೆ ಮಾಡಿದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯೇ ಅದು.

ಉಪಕರಣಗಳು ನಮಗೆ ಹೊಸತೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ಬಂತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದನ್ನು ಕಂಡವು. ಬಳಿಕ ಆಕಾಶವಾಣಿಯ 'ಕೇಳಿ-ಕಲಿ'. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹವನ್ನು ನೆಚ್ಚಿ ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ. 2017ರಿಂದ ದೀಕ್ಷಾ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯ 'ಸಂವೇದ' ಪಾಠಗಳು. ಆ ವರ್ಷ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ಮಕ್ಕಳನ್ನು ಕಂಡವರಿಗೆ, ಯಂತ್ರದ ಪ್ರಯೋಜನವೂ ಅದರ ಮಿತಿಯೂ ಒಟ್ಟಿಗೇ ತಿಳಿದವು. ಅದೇ 2020ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮದಲ್ಲಿ ಉಪಾಧ್ಯಾಯರು ದೇವಸ್ಥಾನದ ಜಗಲಿಗೂ ಮರದ ನೆರಳಿಗೂ ನಡೆದುಹೋಗಿ ಕಲಿಸಿದರು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ನನ್ನದೇ ಒಂದು ತಪ್ಪೊಪ್ಪಿಗೆ ಇಲ್ಲಿ ಬರಬೇಕು. 1986ರ ಶಿಕ್ಷಣ ನೀತಿಯ ಫಲವಾಗಿ, ಮರುವರ್ಷದಿಂದ ದೇಶದಾದ್ಯಂತ 'ಕರಿಹಲಗೆ ಕಾರ್ಯಾಚರಣೆ' ನಡೆಯಿತು: ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಉಪಾಧ್ಯಾಯರು, ಜೊತೆಗೆ ಪಾಠೋಪಕರಣಗಳು. ನಾನಿದ್ದ ಶಾಲೆಗೂ ಪೆಟ್ಟಿಗೆ ಬಂತು. ಭೂಗೋಲ, ನಕಾಶೆ, ವಿಜ್ಞಾನದ ಸಾಮಾನು ಎಲ್ಲವನ್ನೂ ನಾನು ದಾಸ್ತಾನು ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಏರಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಡೆದರೆ ಉತ್ತರ ಕೊಡಬೇಕಾದವನು ನಾನಲ್ಲವೆ? ಮೂರು ವರುಷಗಳ ಕಾಲ ಮಕ್ಕಳು ಆ ಭೂಗೋಲವನ್ನು ಕಂಡದ್ದು ತನಿಖೆಯ ದಿನಗಳಲ್ಲಿ ಮಾತ್ರ. ಈಗ ಕೆಲವು ಶಾಲೆಗಳಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತ ಟಿ.ವಿ.ಗಳನ್ನು ಕಂಡಾಗ ನಗಲು ನನಗೆ ಬಾಯಿ ಬರುವುದಿಲ್ಲ. ಹೊಸಬರಿಗೆ ಕೊಡಬೇಕಾದ ಮೊದಲ ತರಬೇತಿಯೆಂದರೆ, ಸಾಮಾನು ಹಾಳಾದರೆ ಅವರನ್ನು ಯಾರೂ ಬೈಯುವುದಿಲ್ಲವೆಂಬ ಲಿಖಿತ ಭರವಸೆ!

ಇನ್ನು ಮಾತಿನ ವಿಷಯ. ಇದು ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿದ್ದೇನೆ. ಬೋರ್ಡು ಆಡುವ ಕನ್ನಡ, ಪಠ್ಯಪುಸ್ತಕದ ಕನ್ನಡ. ಮಗು ಆಡುವುದು ಕುಂದಾಪ್ರ ಕನ್ನಡ. ಗಂಗೊಳ್ಳಿಯ ಖಾರ್ವಿ ಕೇರಿಯಲ್ಲಿ ಕೊಂಕಣಿ, ಶಿರೂರಿನ ಮುಸ್ಲಿಂ ಮನೆಗಳಲ್ಲಿ ಬೇರೆ ಮಾತು, ಬ್ರಹ್ಮಾವರದ ಆಚೆ ತುಳು, ಕೆಲಸ ಹುಡುಕಿ ಬಂದವರ ಮಕ್ಕಳಲ್ಲಿ ಉತ್ತರ ಕರ್ನಾಟಕದ ಕನ್ನಡ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದನೆಯ ತರಗತಿಯ ಹುಡುಗನೊಬ್ಬ ದನದ ಚಿತ್ರ ನೋಡಿ 'ಗಂಟಿ' ಎಂದ. ನಾನೂ ಇದೇ ಮಣ್ಣಿನವನು. ನನ್ನ ಮನೆಯ ಹಟ್ಟಿಯಲ್ಲಿದ್ದವೂ ಗಂಟಿಗಳೇ. ಆದರೂ ಮೇಜಿನ ಹಿಂದೆ ನಿಂತ ಗತ್ತಿನಲ್ಲಿ 'ತಪ್ಪು' ಎಂದುಬಿಟ್ಟೆ. ಆ ಹುಡುಗ ಮತ್ತೆ ಬಾಯಿ ತೆರೆಯಲು ಗಣಪತಿ ಹಬ್ಬ ಕಳೆಯಬೇಕಾಯಿತು. ಅವನು ಹೇಳಿದ್ದು ತಪ್ಪಾಗಿರಲಿಲ್ಲ. ಅವನಿಗೆ ತಿಳಿದಿದ್ದ ಒಂದಕ್ಕೆ ಇನ್ನೊಂದು ಹೆಸರು ಸೇರಿಸಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು.

ವಿಜಯಪುರದ ಉಪಾಧ್ಯಾಯಿನಿಗೆ ಈ ತೊಡಕು ತಿರುಗುಮುರುಗಾಗಿ ಬಂದಿದೆ. ಮಗುವೊಂದು ನಿನ್ನೆ 'ಹಾಡಿ'ಗೆ ಹೋಗಿದ್ದೆನೆಂದಾಗ, ಅವರು ಯಾವ ಹಾಡು ಹೇಳಿದೆಯೆಂದು ಕೇಳಿದರಂತೆ! ತರಗತಿಯೆಲ್ಲ ನಕ್ಕಿತು. ಅವರೂ ನಕ್ಕರು, ಆ ದಿನದಿಂದ ಮಕ್ಕಳು ಅವರಿಗೆ ದಿನಕ್ಕೊಂದು ಶಬ್ದ ಕಲಿಸುತ್ತಿದ್ದಾರೆ. ಯಾವ ತರಬೇತಿಯಲ್ಲೂ ಹೇಳದ ಈ ಉಪಾಯ ನನಗೆ ಬಹಳ ಹಿಡಿಸಿತು. ಗುರುವಿಗೆ ಗೊತ್ತಿಲ್ಲದ ಒಂದು ತನಗೆ ಗೊತ್ತಿದೆಯೆಂದು ತಿಳಿದ ಮಗು ಬಾಯಿ ಮುಚ್ಚಿ ಕೂರುವುದಿಲ್ಲ.

ಕೋಟದಲ್ಲಿ ಹುಟ್ಟಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ ಶಿವರಾಮ ಕಾರಂತರು, 'ಬಾಲಪ್ರಪಂಚ'ದಂತಹ ಸಚಿತ್ರ ಸಂಪುಟಗಳನ್ನು ಕನ್ನಡದ ಮಕ್ಕಳ ಕೈಗಿಡಲು ಪಟ್ಟ ಪಾಡು ಸಣ್ಣದಲ್ಲ. ಚಿತ್ರವನ್ನು ಅವರು ಬೇಡವೆನ್ನಲಿಲ್ಲ. ಇಂದು ಅಂತಹ ಚಿತ್ರ ಕ್ಷಣದಲ್ಲಿ ಸಿಗುತ್ತದೆ. ಯಾವುದನ್ನು, ಯಾವಾಗ, ಯಾವ ಮಗುವಿಗೆ ತೋರಿಸಬೇಕೆಂಬ ವಿವೇಚನೆಯೇ ಕಷ್ಟದ್ದು. ಕೃತಕ ಬುದ್ಧಿಮತ್ತೆಯಿಂದ ಪಾಠಟಿಪ್ಪಣಿ ಸಿದ್ಧಪಡಿಸಿಕೊಡುವ 'ಶಿಕ್ಷಾ ಕೋಪೈಲಟ್' ಎಂಬ ಸಾಧನವನ್ನು 2023ರಿಂದ ಕರ್ನಾಟಕದ ಕೆಲವು ಶಾಲೆಗಳಲ್ಲಿ ಪ್ರಯೋಗಿಸಿದ್ದಾರೆ. ಟಿಪ್ಪಣಿ ಬರೆಯುವ ಬೇಸರದ ಕೆಲಸದಿಂದ ಉಪಾಧ್ಯಾಯರಿಗೆ ಒಂದು ಗಂಟೆ ಉಳಿದರೆ ಅದು ಸ್ವಾಗತಾರ್ಹವೇ. ಆದರೆ ಆ ಉಳಿದ ಗಂಟೆ ಮಗುವಿಗೆ ಸಿಕ್ಕೀತೆ, ಅಥವಾ ಹಾಜರಿ, ಹಾಲು, ಮೊಟ್ಟೆ, ಆಧಾರ್ ಎಂದು ಮೊಬೈಲಿಗೆ ತುಂಬಬೇಕಾದ ಲೆಕ್ಕಗಳು ಅದನ್ನೂ ನುಂಗಿಬಿಟ್ಟಾವೆ? ತಂತ್ರಜ್ಞಾನವು ಉಪಾಧ್ಯಾಯರ ಜೀವನವನ್ನು ನಿಜವಾಗಿ ಬದಲಿಸಿರುವುದು ಬೋರ್ಡಿನಲ್ಲಲ್ಲ, ಈ ಲೆಕ್ಕದಲ್ಲಿ. ದಾನಿಗಳು ಬೋರ್ಡಿನ ಬದಲು ಒಬ್ಬ ಗುಮಾಸ್ತರನ್ನು ದಾನ ಮಾಡುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತೆಂದು ಒಮ್ಮೊಮ್ಮೆ ಅನಿಸುವುದುಂಟು.

ದಾನಿಗಳ ಕಳವಳವೂ ನನಗೆ ಅರ್ಥವಾಗುತ್ತದೆ. ಊರ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಹಳದಿ ಬಸ್ಸುಗಳು ಗದ್ದೆಯ ಅಂಚಿನವರೆಗೂ ಬಂದು ಮಕ್ಕಳನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಒಯ್ಯುತ್ತಿವೆ. 2019-20ರಲ್ಲಿ ಸರಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದದ್ದು ಈ ಪ್ರವಾಹವನ್ನು ತಡೆಯಲೆಂದೇ. ಹೊಳೆಯುವ ಬೋರ್ಡು ತಂದೆತಾಯಿಗಳಿಗೆ ತೋರಿಸಿದ ಒಂದು ದೀಪ: ನಮ್ಮಲ್ಲೂ ಉಂಟು, ಇಲ್ಲೇ ಸೇರಿಸಿ, ಎಂದು. ಶಾಲೆ ಉಳಿಯಬೇಕಾದರೆ ಆ ದೀಪವೂ ಬೇಕಾದೀತು. ಒಂದು ಶಾಲೆ ಮುಚ್ಚಿದರೆ ಪೇಟೆಯ ಬಸ್ಸಿಗೆ ಹಣ ತೆರಲಾರದ ಮನೆಯ ಮಗುವೇ ಮೊದಲು ಹೊರಗುಳಿಯುವುದು.

ಆ ಉಪಾಧ್ಯಾಯಿನಿಗೆ ನಾನು ಕೊಡಲಾಗದ ಉತ್ತರವನ್ನು ಅವರೇ ಕಂಡುಕೊಂಡರು. ದಸರಾ ರಜೆ ಮುಗಿದ ಮೇಲೆ ಫೋನು ಮಾಡಿದ್ದರು. ಬೋರ್ಡನ್ನು ಎದುರಿನ ಗೋಡೆಯಿಂದ ಬಿಚ್ಚಿಸಿ ಮೂಲೆಯ ಪಕ್ಕದ ಗೋಡೆಗೆ ಹಾಕಿಸಿದ್ದಾರೆ, ಧ್ವನಿ ತಗ್ಗಿಸಿದ್ದಾರೆ. ಒಂದು ಹೊತ್ತಿಗೆ ಒಂದು ತಂಡ ಮಾತ್ರ ಅದರ ಮುಂದೆ ಕೂರುತ್ತದೆ. ಅಷ್ಟರಲ್ಲಿ ಅವರು ಒಂದನೆಯ ತರಗತಿಯವರ ಕೈ ಹಿಡಿದು ತಿದ್ದಿಸುತ್ತಾರೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಹಚ್ಚುವ, ಆರಿಸುವ ಅಧಿಕಾರಿ. ಮಕ್ಕಳ ಅಜ್ಜಿಯಂದಿರು ಹೇಳಿದ ಕತೆಗಳನ್ನು ಮೊಬೈಲಿನಲ್ಲಿ ಹಿಡಿದು ತಂದು ಅದರಲ್ಲಿ ಕೇಳಿಸುತ್ತಾರಂತೆ. ಕರೆಂಟು ಹೋದ ದಿನ ಅಂಗಳದ ಹೊಯ್ಗೆ ಇದ್ದೇ ಇದೆ. ಆದರೆ ಬೋರ್ಡು ಮೂಲೆಗೆ ಸರಿದದ್ದರಿಂದ ದಾನಿಗಳ ಹೆಸರಿನ ಫಲಕ ಬಾಗಿಲಿನಿಂದ ಕಾಣುವುದಿಲ್ಲವಂತೆ. ಅದನ್ನು ಅವರಿಗೆ ಹೇಗೆ ತಿಳಿಸುವುದೆಂದು ಈಗ ನನ್ನನ್ನು ಕೇಳುತ್ತಿದ್ದಾರೆ.