‘ಅಣ್ಣ’ ಅಂದ್ರೆ ಯಾರು? ಉತ್ತರ ಕೊಡೋದು ಮನೆಯವರಲ್ಲ, ತೆರಿಗೆ ಕಾಯ್ದೆ

ಹಿಂದಿನ ಮಳೆಗಾಲದಲ್ಲಿ ಅಪ್ಪನಿಗೆ ಬೈಪಾಸ್ ಆಯ್ತು. ಇನ್ಶೂರೆನ್ಸ್ ಇದ್ದದ್ದು ಮೂರು ಲಕ್ಷಕ್ಕೆ, ಬಿಲ್ ಬಂದಿದ್ದು ಅದರ ಮೂರು ಪಟ್ಟು. ಅಮೆರಿಕದಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅವನು ಹಿಂದೆ ಮುಂದೆ ನೋಡಲಿಲ್ಲ. ಮೂರನೇ ದಿನಕ್ಕೆ ನನ್ನ ಅಕೌಂಟಿಗೆ ಆರು ಲಕ್ಷ ಬಂದಿತ್ತು. ಜೊತೆಗೆ ಒಂದು ಮೆಸೇಜ್: “ವಾಪಸ್ ಕೊಡೋ ಮಾತಾಡಿದ್ರೆ ಊರಿಗೆ ಬಂದು ಒದೀತೀನಿ.”

ರಿಟರ್ನ್ಸ್ ಸಲ್ಲಿಸುವ ಹೊತ್ತಿಗೆ ನಮ್ಮ ಆಡಿಟರ್ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲಿನ ಮೇಲೆ ಪೆನ್ನು ಇಟ್ಟು ಕೇಳಿದರು.

“ಇದು ಯಾರು ಹಾಕಿದ್ದು?”

“ಅಣ್ಣ ಸರ್.”

“ಸ್ವಂತ ಅಣ್ಣನಾ?”

“ದೊಡ್ಡಪ್ಪನ ಮಗ.”

“ಹಾಗಾದ್ರೆ ಕಾನೂನಿನ ಪ್ರಕಾರ ಅವರು ನಿಮಗೆ ಸಂಬಂಧಿಕರೇ ಅಲ್ಲ.”

ಆಮೇಲೆ ಅವರೇ ಸ್ವಲ್ಪ ಯೋಚಿಸಿ, “ನಿಮ್ಮ ದೊಡ್ಡಪ್ಪ ಇದ್ದಾರಾ? ಅವರೇ ಕೊಟ್ಟಿದ್ದಿದ್ರೆ ಒಂದು ರೂಪಾಯಿ ತೆರಿಗೆ ಇರ್ತಿರಲಿಲ್ಲ” ಅಂದರು. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷವಾಗಿದೆ. ಆಸ್ಪತ್ರೆಗೆ ಕಟ್ಟಿದ ಆ ಆರು ಲಕ್ಷ ನನ್ನ ‘ಇತರ ಮೂಲಗಳ ಆದಾಯ’ವಾಯ್ತು. ಒಂದೂವರೆ ಲಕ್ಷದ ಮೇಲೆ ತೆರಿಗೆ ಕಟ್ಟಿದೆ.

ನನ್ನ ತಕರಾರು ತೆರಿಗೆ ಕಟ್ಟಬೇಕಾಯ್ತು ಅಂತಲ್ಲ. ಯಾರು ನಮ್ಮವರು, ಯಾರು ಹೊರಗಿನವರು ಅನ್ನೋದನ್ನು ಕಾನೂನು ಹೇಗೆ ತೀರ್ಮಾನಿಸುತ್ತೆ, ಆ ತೀರ್ಮಾನವನ್ನು ಯಾರಿಗಾಗಿ ಬದಲಿಸುತ್ತೆ, ಯಾರಿಗಾಗಿ ಬದಲಿಸಲ್ಲ ಅನ್ನೋದು ನನ್ನ ಪ್ರಶ್ನೆ.

ಪಟ್ಟಿಯಲ್ಲಿ ಯಾರಿದ್ದಾರೆ?

1958ರ ಗಿಫ್ಟ್ ತೆರಿಗೆ ಕಾಯ್ದೆಯಲ್ಲಿ ತೆರಿಗೆ ಕಟ್ಟಬೇಕಾಗಿದ್ದವರು ಕೊಡುವವರು. 1998ರ ಅಕ್ಟೋಬರ್ 1ರಿಂದ ಆ ತೆರಿಗೆ ಹೋಯ್ತು. 2004ರಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂತು, ಈ ಸಲ ಭಾರ ಪಡೆಯುವವರ ಮೇಲೆ. ಮೊದಲು ಮಿತಿ 25,000 ರೂ. ಇತ್ತು, 2006ರಲ್ಲಿ 50,000 ಆಯ್ತು. ಅಲ್ಲಿಂದ ಇಲ್ಲಿಯವರೆಗೆ ಆ 50,000 ಅಲುಗಾಡಿಲ್ಲ. ವರ್ಷದಲ್ಲಿ ಒಟ್ಟು ಮೊತ್ತ ಅದನ್ನು ದಾಟಿದರೆ ಹೆಚ್ಚುವರಿ ಹಣಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ.

‘ಸಂಬಂಧಿಕರು’ ಕೊಟ್ಟರೆ ಮಾತ್ರ ಎಷ್ಟೇ ಇರಲಿ, ತೆರಿಗೆಯಿಲ್ಲ. ಯಾರು ಅವರು? ಗಂಡ ಅಥವಾ ಹೆಂಡತಿ, ನಮ್ಮ ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಯ ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಇಬ್ಬರ ಕಡೆಯ ಅಪ್ಪ-ಅಮ್ಮ, ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಇವರೆಲ್ಲರ ಗಂಡ-ಹೆಂಡತಿಯರು.

ಪಟ್ಟಿ ಉದ್ದವಾಗೇ ಇದೆ. ಆದರೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮಂದಿರ ಮಕ್ಕಳು ಇದರಲ್ಲಿಲ್ಲ. ‘ಕಸಿನ್’ ಅನ್ನೋ ಪದ ನಮ್ಮ ಮನೆಗಳಿಗೆ ಬಂದಿದ್ದು ಇತ್ತೀಚೆಗೆ. ಕನ್ನಡದಲ್ಲಿ ದೊಡ್ಡಪ್ಪನ ಮಗ ಅಣ್ಣನೇ, ಚಿಕ್ಕಮ್ಮನ ಮಗಳು ತಂಗಿಯೇ. ಕಾನೂನಿಗೆ ಅವರು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ ಸಮ.

ಇನ್ನೂ ವಿಚಿತ್ರ ಇದೆ. ಸೋದರಮಾವ ಅಕ್ಕನ ಮಗನಿಗೆ ದುಡ್ಡು ಕೊಟ್ಟರೆ ತೆರಿಗೆಯಿಲ್ಲ. ಅದೇ ಹುಡುಗ ಓದಿ, ದುಬೈಗೆ ಹೋಗಿ, ವಯಸ್ಸಾದ ಮಾವನಿಗೆ ವಾಪಸ್ ಕಳಿಸಿದರೆ ತೆರಿಗೆ ಇದೆ. ಯಾಕಂದ್ರೆ ಮಾವ ಅಮ್ಮನ ಒಡಹುಟ್ಟಿದವನು, ಪಟ್ಟಿಯಲ್ಲಿದ್ದಾನೆ. ಅಕ್ಕನ ಮಗ ಪಟ್ಟಿಯಲ್ಲಿಲ್ಲ. ಸಂಬಂಧ ಒಂದೇ. ದುಡ್ಡು ಮೇಲಿನಿಂದ ಕೆಳಗೆ ಇಳಿದರೆ ಬಂಧು, ಕೆಳಗಿನಿಂದ ಮೇಲೆ ಹತ್ತಿದರೆ ಪರಕೀಯ.

ಇದೇ ಕಾಯ್ದೆ ‘ಅವಿಭಕ್ತ ಹಿಂದೂ ಕುಟುಂಬ’ವನ್ನು ಒಂದು ತೆರಿಗೆ ಘಟಕ ಅಂತ ಒಪ್ಪುತ್ತೆ. ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ ಇಬ್ಬರೂ ಅದರ ಸದಸ್ಯರಾಗಬಹುದು. ಆ ಘಟಕಕ್ಕೆ ಅದರ ಸದಸ್ಯರೆಲ್ಲರೂ ಸಂಬಂಧಿಕರೇ. ಅಂದರೆ ತೆರಿಗೆ ಘಟಕದೊಳಗೆ ಇವರು ಒಂದೇ ಮನೆಯವರು, ಒಬ್ಬರಿಗೊಬ್ಬರು ಕೈಯಿಂದ ಕೈಗೆ ಕೊಟ್ಟರೆ ಯಾರೋ. ಆ ಘಟಕದ ಸೌಲಭ್ಯ ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಇಲ್ಲವೇ ಇಲ್ಲ.

ಗೃಹ ಇಲಾಖೆಯ ಇನ್ನೊಂದು ಪಟ್ಟಿ

ವಿದೇಶದಿಂದ ಬರುವ ಹಣಕ್ಕೆ ತೆರಿಗೆ ಇಲಾಖೆ ಒಂದೇ ಬಾಗಿಲಲ್ಲ. ಎಫ್‌ಸಿಆರ್‌ಎ, ಅಂದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಗೃಹ ಸಚಿವಾಲಯದ ಕೈಯಲ್ಲಿದೆ. ಕಳಿಸಿದವರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತಲೆಬಿಸಿಯಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ನಮ್ಮೂರಲ್ಲೇ ಹುಟ್ಟಿ ಬೆಳೆದವರಾದರೂ, ಅವರು ‘ವಿದೇಶಿ ಮೂಲ’. ಅಂಥ ಸಂಬಂಧಿಕರಿಂದ ವರ್ಷಕ್ಕೆ 10 ಲಕ್ಷ ದಾಟಿದರೆ ಮೂರು ತಿಂಗಳೊಳಗೆ ಎಫ್‌ಸಿ-1 ಫಾರಂ ಸಲ್ಲಿಸಬೇಕು. 2022ರ ಜುಲೈವರೆಗೆ ಮಿತಿ 1 ಲಕ್ಷ, ಗಡುವು 30 ದಿನ ಇತ್ತು. ಈ ಸಡಿಲಿಕೆ ಒಳ್ಳೆಯದೇ.

ಆದರೆ ಇಲ್ಲಿ ‘ಸಂಬಂಧಿಕ’ ಪದದ ಅರ್ಥ ಬೇರೆ. ಈ ಕಾಯ್ದೆ ಅದನ್ನು 1956ರ ಕಂಪನಿ ಕಾಯ್ದೆಯಿಂದ ಎರವಲು ತಂದಿದೆ. ಆ ಪಟ್ಟಿಯಲ್ಲಿ ಸೋದರಮಾವ ಇಲ್ಲ! ತೆರಿಗೆ ಇಲಾಖೆಗೆ ಬಂಧುವಾದವನು ಗೃಹ ಇಲಾಖೆಗೆ ಬಂಧುವಲ್ಲ. ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ಚುನಾವಣೆಗೆ ನಿಂತವರು, ಪತ್ರಿಕೆಯ ಅಂಕಣಕಾರರು ವಿದೇಶಿ ದೇಣಿಗೆ ಪಡೆಯುವಂತೆಯೇ ಇಲ್ಲ. ಸಂಬಂಧಿಕರು ಕೊಟ್ಟರೆ ಮಾತ್ರ ವಿನಾಯಿತಿ. ಹಾಗಾಗಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಅಮೆರಿಕದ ಪ್ರಜೆಯಾದ ಸೋದರಮಾವ ಆಪರೇಷನ್ನಿಗೆ ದುಡ್ಡು ಕಳಿಸಿದರೆ ಅದು ತೆರಿಗೆಯ ಪ್ರಶ್ನೆಯಲ್ಲ, ನಿಷೇಧದ ಪ್ರಶ್ನೆ.

ಯಾರಿಗಾಗಿ ವ್ಯಾಖ್ಯೆ ಬದಲಾಯ್ತು?

‘ಕಾನೂನು ಅಂದ್ರೆ ಹಾಗೇ ಸಾರ್, ಎಲ್ಲೋ ಒಂದು ಗೆರೆ ಎಳೀಬೇಕಲ್ಲ’ ಅನ್ನಬಹುದು. ಸರಿ. ಈಗ ಇದನ್ನು ನೋಡಿ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ವೇದಾಂತ ಸಮೂಹಕ್ಕೆ ಸೇರಿದ ಕಂಪನಿಗಳಿಂದ ದೇಣಿಗೆ ಪಡೆದು ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆ ಕಾನೂನು ಮುರಿದಿವೆ ಅಂತ ಹೇಳಿತು. ಆಮೇಲೇನಾಯ್ತು? 2016ರ ಹಣಕಾಸು ಕಾಯ್ದೆಯಲ್ಲಿ ‘ವಿದೇಶಿ ಮೂಲ’ದ ವ್ಯಾಖ್ಯೆಯನ್ನೇ ಸಡಿಲಿಸಿದರು, ಅದೂ 2010ರಿಂದ ಪೂರ್ವಾನ್ವಯವಾಗಿ. ಹಳೇ ಕಾಯ್ದೆಯ ಕಾಲದ ದೇಣಿಗೆಗಳಿಗೆ ಅದು ಸಾಲಲಿಲ್ಲ. 2018ರಲ್ಲಿ ಮತ್ತೆ ತಿದ್ದಿ 1976ಕ್ಕೇ ಕೊಂಡೊಯ್ದರು. ಪಕ್ಷಗಳಿಗೆ ಬೇಕಾದಾಗ ನಲವತ್ತು ವರ್ಷ ಹಿಂದಕ್ಕೆ ಹೋಗಿ ವ್ಯಾಖ್ಯೆ ತಿದ್ದಲು ಸಾಧ್ಯ.

ಜನರಿಗಾಗಿ ತಿದ್ದಿದ್ದೂ ಒಮ್ಮೆ ಇದೆ. 2022ರ ಹಣಕಾಸು ಕಾಯ್ದೆ, ಕೋವಿಡ್ ಚಿಕಿತ್ಸೆಗೆ ಯಾರೇ ಕೊಟ್ಟ ಹಣಕ್ಕೂ ವಿನಾಯಿತಿ ಕೊಟ್ಟಿತು. ಸ್ನೇಹಿತ ಕೊಟ್ಟರೂ ಸರಿ, ದೊಡ್ಡಪ್ಪನ ಮಗ ಕೊಟ್ಟರೂ ಸರಿ, ದಾಖಲೆ ಇಟ್ಟುಕೊಂಡರೆ ಸಾಕು. ಹಾಗಾದರೆ ಕ್ಯಾನ್ಸರ್ ಏನು ಪಾಪ ಮಾಡಿದೆ? ಕಿಡ್ನಿ, ಹೃದಯ ಏನು ಪಾಪ ಮಾಡಿವೆ? ಮದುವೆಗೆ ಯಾರು ಎಷ್ಟು ಉಡುಗೊರೆ ಕೊಟ್ಟರೂ ಮದುಮಕ್ಕಳಿಗೆ ತೆರಿಗೆಯಿಲ್ಲ. ಐಸಿಯು ಮುಂದೆ ಕೂತವರಿಗೆ ಇದೆ.

2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆ ಬರೆಯುವಾಗ ಇದನ್ನೆಲ್ಲ ಸರಿ ಮಾಡುವ ಅವಕಾಶವಿತ್ತು. ಅರವತ್ತು ವರ್ಷ ದಾಟಿದ ಇಡೀ ಕಾಯ್ದೆಯನ್ನೇ ಹೊಸದಾಗಿ ಬರೆದರು. ಸಂಬಂಧಿಕರ ಪಟ್ಟಿಯನ್ನು ಮಾತ್ರ ಹೆಚ್ಚೂಕಮ್ಮಿ ಹಾಗೇ ಎತ್ತಿಟ್ಟರು.

ಅನುಮಾನಕ್ಕೂ ಕಾರಣ ಇದೆ

ಇಲಾಖೆಯ ವಾದವನ್ನೂ ಕೇಳಬೇಕು. ವಿದೇಶಿ ಗಿಫ್ಟ್ ಹೆಸರಲ್ಲಿ ಕಪ್ಪುಹಣ ಬಿಳಿ ಮಾಡುವ ದಂಧೆ ಈ ದೇಶದಲ್ಲಿ ಚೆನ್ನಾಗೇ ನಡೆದಿದೆ. 2007ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ಇಲಾಖೆಯ ಪರ ತೀರ್ಪು ಕೊಟ್ಟಿತು. ಹಣ ಬ್ಯಾಂಕ್ ಮೂಲಕ ಬಂದಿದೆ ಅನ್ನೋ ಒಂದೇ ಕಾರಣಕ್ಕೆ ಅದು ನಿಜವಾದ ಗಿಫ್ಟ್ ಆಗಲ್ಲ ಅನ್ನೋದು ಅದರ ಸಾರ. ಒಪ್ಪುತ್ತೇನೆ. ಆದರೆ ಆ ಮೋಸ ತಡೆಯೋದು ಕೊಟ್ಟವರು ಯಾರು, ಅವರಿಗೆ ಆ ಶಕ್ತಿ ಇದೆಯಾ, ಯಾಕೆ ಕೊಟ್ಟರು ಅಂತ ಕೇಳುವುದರಿಂದ. ಸಂಬಂಧಿಕರ ಪಟ್ಟಿಯಿಂದಲ್ಲ. ಪಟ್ಟಿಯಲ್ಲಿರುವ ಭಾವಮೈದುನನ ಹೆಸರಲ್ಲೂ ಸುಳ್ಳು ಗಿಫ್ಟ್ ತೋರಿಸಬಹುದು.

ರಿಸರ್ವ್ ಬ್ಯಾಂಕ್ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶಕ್ಕೆ ಹೊರಗಿನಿಂದ ಬಂದ ಇಂಥ ಹಣದಲ್ಲಿ ಅಮೆರಿಕದ ಪಾಲು 27.7%, ಯುಎಇ ಪಾಲು 19.2%. ಕರ್ನಾಟಕಕ್ಕೆ ಬಂದಿದ್ದು ಒಟ್ಟು ಹಣದ 7.7%. ಇದರ ಬಗ್ಗೆ ಭಾಷಣಗಳಲ್ಲಿ ಹೆಮ್ಮೆಪಡುವ ಸರ್ಕಾರ, ಆ ಹಣ ಯಾವ ಯಾವ ಸಂಬಂಧಗಳ ದಾರಿಯಲ್ಲಿ ಮನೆ ತಲುಪುತ್ತೆ ಅಂತಲೂ ನೋಡಬೇಕು.

ಬೇಕಾಗಿರೋದು ದೊಡ್ಡ ಕ್ರಾಂತಿಯೇನಲ್ಲ. ಎರಡೂ ಕಾಯ್ದೆಗೆ ಒಂದೇ ಪಟ್ಟಿ ಇರಲಿ. ಅದರಲ್ಲಿ ಅಪ್ಪ-ಅಮ್ಮನ ಒಡಹುಟ್ಟಿದವರ ಮಕ್ಕಳು, ಒಡಹುಟ್ಟಿದವರ ಮಕ್ಕಳು ಸೇರಲಿ. ಕೋವಿಡ್‌ಗೆ ಕೊಟ್ಟ ವಿನಾಯಿತಿ ಎಲ್ಲ ಗಂಭೀರ ಕಾಯಿಲೆಗೂ ಸಿಗಲಿ. 2006ರ 50,000 ಇವತ್ತಿನ ಬೆಲೆಗೆ ತಕ್ಕಂತೆ ಏರಲಿ. ವರದಿ ಮಾಡಿ ಅನ್ನಿ, ಖಂಡಿತ ಮಾಡ್ತೀವಿ.

ಅಲ್ಲಿಯವರೆಗೆ ನಿಮಗೊಂದು ಮಾತು: ಹೊರಗಿನಿಂದ ದುಡ್ಡು ಬರುವ ಮುಂಚೆಯೇ ಕಳಿಸುವವರು ನಿಮಗೆ ಕಾನೂನಿನಲ್ಲಿ ಏನಾಗಬೇಕು ಅಂತ ವಿಚಾರಿಸಿಕೊಳ್ಳಿ. ಸಂಬಂಧಿಕರೇ ಆಗಿದ್ದರೂ ಅವರ ಸಹಿ ಇರುವ ಒಂದು ಗಿಫ್ಟ್ ಪತ್ರ, ಅವರ ಬ್ಯಾಂಕ್ ದಾಖಲೆ ಇಟ್ಟುಕೊಂಡು ರಿಟರ್ನ್ಸ್‌ನ ವಿನಾಯಿತಿ ಆದಾಯದ ಜಾಗದಲ್ಲಿ ತೋರಿಸಿ. ಮುಚ್ಚಿಡಬೇಡಿ.

ತೆರಿಗೆ ಕಟ್ಟಿದ್ದನ್ನು ಅಣ್ಣನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅದನ್ನೂ ಕಳಿಸ್ತಾನೆ. ಅದಕ್ಕೂ ಮತ್ತೆ ತೆರಿಗೆ.