ಅಂಚು ನುಣುಪಾದರೆ ಸಾಕೇ, ಧೂಳಿನ ಗತಿ ಏನು?

ಅಕ್ಕಲಕೋಟೆ: ಕಪಾಟು, ಕಿಚನ್ ಟ್ರಾಲಿ ಮಾಡುವ ನಮ್ಮ ಬಡಿಗರು ಈಗ ಎಜ್ ಸ್ಯಾಂಡರ್ ಕೊಳ್ಳುವ ಮಾತಾಡುತ್ತಾರೆ. ತಾಸುಗಟ್ಟಲೆ ಪಾಲಿಶ್ ಪೇಪರ್ ತಿಕ್ಕುವ ಕೆಲಸ ಈ ಮಷೀನಿನಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ಕೊಳ್ಳಲಿ, ಒಳ್ಳೆಯದೇ. ಆದರೆ ಸೊಲ್ಲಾಪುರದ ಅಂಗಡಿಗೆ ಹೋದವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಎಚ್‌ಪಿ, ಎಷ್ಟು ರೊಕ್ಕ?

ಇಷ್ಟು ಸಾಲದು. ಬೆಲ್ಟಿನ ಹಿಂದಿನ ಲೋಹದ ಪಟ್ಟಿ ಸಪಾಟಾಗಿರಬೇಕು, ಇಲ್ಲವಾದರೆ ಅಂಚು ಡೊಂಕಾದೀತು. ಟೇಬಲ್ಲಿಗೂ ಬೆಲ್ಟಿಗೂ ಗುಣ್ಯಾ ಹಚ್ಚಿ 90 ಡಿಗ್ರಿ ನೋಡಬೇಕು. ಓಡುತ್ತಲೇ ಬೆಲ್ಟ್ ಮೇಲೆ-ಕೆಳಗೆ ಆಡುವಂಥ ಮಷೀನಾದರೆ ಗೆರೆ ಬೀಳುವುದು ಕಡಿಮೆ, ಬೆಲ್ಟಿನ ಬಾಳಿಕೆಯೂ ಹೆಚ್ಚು. ಶೆಡ್ಡಿನಲ್ಲಿ ಸಿಂಗಲ್ ಫೇಸ್ ಕರೆಂಟ್ ಇಟ್ಟುಕೊಂಡು ಥ್ರೀ ಫೇಸ್ ಮೋಟಾರ್ ತಂದರೆ ಮಷೀನ್ ಮೂಲೆ ಸೇರುತ್ತದೆ.

ಎಲ್ಲಕ್ಕೂ ಮೇಲಿನದು ಧೂಳು. ಅದನ್ನು ಕೇಳುವವರೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕಟ್ಟಿಗೆ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನೊಳಗೇ ಇದರ ಪೆಟ್ಟು ಹೆಚ್ಚು. ಎಂಡಿಎಫ್ ಧೂಳಿನಲ್ಲಂತೂ ಅಂಟಿನ ರಾಸಾಯನಿಕವೂ ಬೆರೆತಿರುತ್ತದೆ.

"ದಸ್ತಿ ಕಟ್ಟಿಕೊಂಡ್ರ ಆತ್ರೀ, ಏನೂ ಆಗೂದಿಲ್ಲ" ಎಂದರು ಪರಿಚಯದ ಬಡಿಗರೊಬ್ಬರು. ಆಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಪುಡಿ ದಸ್ತಿ ದಾಟಿ ಎದೆಗಿಳಿಯುತ್ತದೆ.

ಆದ್ದರಿಂದ ಧೂಳು ಎಳೆಯುವ ಪೈಪಿಗೆ ಜಾಗವಿಲ್ಲದ ಮಷೀನನ್ನು ಮುಟ್ಟಲೇಬೇಡಿ. ಡಸ್ಟ್ ಕಲೆಕ್ಟರಿನ ಖರ್ಚನ್ನೂ ಮಷೀನಿನ ಬೆಲೆಯಲ್ಲೇ ಹಿಡಿಯಿರಿ. ರೊಕ್ಕ ಸಾಲದಿದ್ದರೆ ಸಣ್ಣ ಮಷೀನ್ ತನ್ನಿ, ಕಲೆಕ್ಟರ್ ಬಿಡಬೇಡಿ. ಒಳ್ಳೆಯ ಮಾಸ್ಕನ್ನೂ ಕೊಡಿಸಿ. ಆ ಮಷೀನಿನ ಮುಂದೆ ದಿನವಿಡೀ ನಿಲ್ಲುವವರು ಕೆಲಸ ಕಲಿಯಲು ಬಂದ ನಮ್ಮೂರ ಹುಡುಗರೇ ಅಲ್ಲವೇ?