ಗುಳ್ಳೆಯೊಳಗೆ ಗಾಳಿ ಇರಲಿಲ್ಲ!

ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಓದಿದ್ದು ಬಿಕಾಂ. ಪ್ಲಾಸ್ಟಿಕ್ಕಿನ ಪಾಠ ಕಲಿತದ್ದು ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ, ಅದೂ ತಪ್ಪು ಮಾಡಿ.

ಮೋಲ್ಡಿಂಗ್ ಮಶೀನಿಗೆ ಸಾಲ ಕೇಳಿದ್ದರು. ಪಟ್ಟಿಯಲ್ಲಿ ಡ್ರೈಯರ್ ಕೂಡ ಇತ್ತು. "ಪ್ಲಾಸ್ಟಿಕ್ ಕಾಳು ಒಣಗಿಸೋಕೆ ಬಿಸಿಲು ಸಾಲದೇನ್ರೀ?" ಅಂತ ಹೊಡೆದು ಹಾಕಿದೆ. ಮಳೆಗಾಲ ಬಂತು, ಕಂತು ತಪ್ಪಿತು. ಹೋಗಿ ನೋಡಿದರೆ ವಾಪಸ್ ಬಂದ ಮಾಲಿನ ರಾಶಿ. ಪಾರದರ್ಶಕ ಕವರುಗಳ ತುಂಬಾ ಗುಳ್ಳೆ, ಬೆಳ್ಳಿಗೆರೆ.

ಅಲ್ಲಿನ ಆಪರೇಟರ್ ವಿವರಿಸಿದ. ಪಾಲಿಕಾರ್ಬೊನೇಟ್ ಕಾಳು ಗಾಳಿಯ ತೇವ ಹೀರುತ್ತದೆ. ಅದನ್ನು 120 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಒಣಗಿಸಿ, ತೇವವನ್ನು ಶೇ. 0.02ಕ್ಕಿಂತ ಕೆಳಗೆ ತರಬೇಕು. ಇಲ್ಲದಿದ್ದರೆ ಸುಮಾರು 300 ಡಿಗ್ರಿಯಲ್ಲಿ ಕರಗಿದ ಪ್ಲಾಸ್ಟಿಕ್ಕಿನೊಳಗೆ ಆ ನೀರು ಹಬೆಯಾಗಿ ಗುಳ್ಳೆ ಕಟ್ಟುತ್ತದೆ. ಜೊತೆಗೆ ಅಣುಗಳ ಉದ್ದ ಸರಪಣಿಯನ್ನೇ ಕಡಿಯುತ್ತದೆ. ಮಾಲು ಬೇಗ ಒಡೆಯುತ್ತದೆ. ನಾವು ಗಾಳಿಗುಳ್ಳೆ ಅಂದದ್ದು ನೀರಿನ ಗುಳ್ಳೆ!

ಆಮೇಲೆ ಡ್ರೈಯರಿಗೂ ಸಾಲ ಕೊಟ್ಟೆವು. ಆದರೆ ಕಳೆದುಕೊಂಡ ಗಿರಾಕಿ ಮರಳಲಿಲ್ಲ.

ನಾನು ಹೇಳೋದಿಷ್ಟೇ: ಸಾಲದ ಪಟ್ಟಿಯಲ್ಲಿ ಒಂದು ಸಾಲು ಹೊಡೆಯುವ ಮುಂಚೆ ಬ್ಯಾಂಕಿನವರು ಯಂತ್ರದ ಮುಂದೆ ನಿಂತವನನ್ನು ಕೇಳಬೇಕು. ಉಳಿತಾಯ ಅಂತ ನಾನು ಬರೆದದ್ದು ಅವರಿಗೆ ನಷ್ಟವಾಯಿತು. ನೀವೇನಂತೀರಿ?